ಕೃಷ್ಣ ಸಂಧಾನಕ್ಕೆ ಒಂದು ಬೈಟ್ ಕಡಿಮೆ

ಇನ್ನೊಂದು ಮ್ಯೂಸಿಕ್ ಪ್ಲೇಯರ್ ಬಂತು ಮಾರಾಯ್ರೆ. ಈ ಸಲ ರಸ್ಟ್‌ನಲ್ಲಿ. ಅದಕ್ಕಿಂತ ಮುಂಚೆ ನಾನು ನೋಡಿದ್ದು ಗೋ ಭಾಷೆಯದ್ದು, ಅದಕ್ಕೂ ಮುಂಚೆ ವಾಲಾದ್ದು. ಹುಡುಕಲು ಕೂತರೆ, ಹಾಡು ಕೇಳಿಸುವ ಓಪನ್ ಸೋರ್ಸ್ ತಂತ್ರಾಂಶ ಒಂದೂ ಇಲ್ಲದ ಪ್ರೋಗ್ರಾಮಿಂಗ್ ಭಾಷೆ ಸಿಗುವುದೇ ಕಷ್ಟ. ಹೆಚ್ಚಿನವುಗಳ ಪರಿಚಯದ ಮೊದಲ ಸಾಲು ಒಂದೇ ನಮೂನೆ: ಇದು ಇಂಥ ಭಾಷೆಯಲ್ಲಿ ಬರೆದ, ವೇಗದ, ಹಗುರವಾದ ಪ್ಲೇಯರ್. ಕೇಳುವವನಿಗೆ ಅದರಿಂದ ಎಂತ ಸಿಗುತ್ತದೆ ಎನ್ನುವುದು ಎರಡನೇ ಸಾಲಿನಲ್ಲೂ ಇರುವುದಿಲ್ಲ.

ನನ್ನ ತಕರಾರು ಭಾಷೆಯ ಮೇಲೆ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲವಾದರೆ ನಾಳೆ ಆಫೀಸಿನ ಕಾಫಿ ಮೆಷಿನ್ ಹತ್ತಿರ ಜಗಳಕ್ಕೆ ಬರುತ್ತೀರಿ. "ಹ್ಯಾಸ್ಕೆಲ್ ಕಲಿತು ಎಂತ ಮಾಡ್ತೀಯ, ಜಾವಾ ಕಲಿ, ಕೆಲಸ ಸಿಗ್ತದೆ" ಎನ್ನುವ ಹಿರಿಯರ ಗುಂಪಿಗೆ ನಾನು ಸೇರಿದವನಲ್ಲ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷು ಅಂತ ಬೆಳೆದವನಿಗೆ ಕಡಿಮೆ ಜನ ಮಾತಾಡುವ ಭಾಷೆಯ ಬಗ್ಗೆ ತಾತ್ಸಾರ ಇರಲು ಸಾಧ್ಯವೂ ಇಲ್ಲ. ನನ್ನ ತಕರಾರು ಏನೆಂದರೆ, ಇಷ್ಟೂ ಭಾಷೆಗಳಲ್ಲಿ ಇಷ್ಟೂ ಜನ ಬರೆದದ್ದು ಒಂದೇ ಪ್ಲೇಯರ್. ಭಾಷೆ ಬದಲಾಯಿತು, ಒಳಗಿನ ಕಪಾಟು ಬದಲಾಗಲಿಲ್ಲ. ಆ ಕಪಾಟಿನಲ್ಲಿ ಮೂರೇ ಖಾನೆ: ಆರ್ಟಿಸ್ಟ್, ಆಲ್ಬಮ್, ಟೈಟಲ್. ಸಂಗೀತ ಅಂದರೆ ಒಬ್ಬ ಹಾಡುಗಾರ, ಒಂದು ಡಿಸ್ಕು, ನಾಲ್ಕು ನಿಮಿಷ. ನಮ್ಮ ಊರಿನಲ್ಲಿ ರೆಕಾರ್ಡ್ ಆದ ಅರ್ಧಕ್ಕರ್ಧ ಸದ್ದು ಆ ಕಪಾಟಿನೊಳಗೆ ಹೋಗುವುದಿಲ್ಲ. ಆದರೂ ನಾವು, ಅಂದರೆ ಉಡುಪಿ, ಮಣಿಪಾಲ, ನಿಟ್ಟೆಯ ಕಾಲೇಜುಗಳಿಂದ ವರ್ಷ ವರ್ಷ ಹೊರಗೆ ಬೀಳುವ ಬಿಇಗಳು, ಅದೇ ಕಪಾಟಿಗೆ ಹೊಸ ಪೇಂಟು ಹೊಡೆದು ರೆಸ್ಯೂಮೆಗೆ ಅಂಟಿಸುತ್ತಿದ್ದೇವೆ.

ಕಪಾಟು ಎಲ್ಲಿಂದ ಬಂತು ನೋಡಿ. ಎಂಪಿ3 ಕಡತದ ಬಾಲಕ್ಕೆ ಹಾಡಿನ ವಿವರ ಅಂಟಿಸುವ ಐಡಿ3 ಎಂಬ ಏರ್ಪಾಟು ಶುರುವಾದದ್ದು 1996ರಲ್ಲಿ. ಒಟ್ಟು 128 ಬೈಟ್. ಅದರಲ್ಲಿ ಹಾಡಿನ ಹೆಸರಿಗೆ 30, ಹಾಡಿದವರಿಗೆ 30, ಆಲ್ಬಮಿಗೆ 30. ಇಂಗ್ಲಿಷಿನವರಿಗೆ ಒಂದು ಅಕ್ಷರಕ್ಕೆ ಒಂದು ಬೈಟು, ಹಾಗಾಗಿ 30 ಅಕ್ಷರ, ಧಾರಾಳ ಆಯಿತು. ಕನ್ನಡಕ್ಕೆ ಯುಟಿಎಫ್-8ರಲ್ಲಿ ಒಂದೊಂದು ಸಂಕೇತಕ್ಕೆ ಮೂರು ಬೈಟು. ಒತ್ತು, ಗುಣಿತ, ಸೊನ್ನೆ ಎಲ್ಲ ಬೇರೆ ಬೇರೆ ಸಂಕೇತ. ಈಗ 'ಕೃಷ್ಣ ಸಂಧಾನ' ಅಂತ ಬರೆಯಿರಿ. ಕಿವಿಗೆ ಐದೇ ಅಕ್ಷರ. ಕಂಪ್ಯೂಟರಿಗೆ ಹತ್ತು ಸಂಕೇತ ಮತ್ತು ನಡುವೆ ಒಂದು ಖಾಲಿ ಜಾಗ. ಲೆಕ್ಕ ಹಾಕಿ: 31 ಬೈಟ್. ಒಂದು ಬೈಟು ಜಾಸ್ತಿ! ಕೊನೆಯ 'ನ'ದ ಬಾಲ ತುಂಡಾಗಿ ಅಲ್ಲೊಂದು ಪ್ರಶ್ನಾರ್ಥಕ ಚಿಹ್ನೆ ಕೂರುತ್ತದೆ. ತಾಳಮದ್ದಳೆ ಕೂಟಗಳಲ್ಲಿ ಸಾವಿರ ಸಲ ಆಗಿರಬಹುದಾದ ಪ್ರಸಂಗದ ಹೆಸರು, ಜಗತ್ತಿನ ಅತಿ ಹೆಚ್ಚು ಬಳಕೆಯ ಸಂಗೀತ ಕಡತದ ಮೊದಲ ಲೇಬಲ್ಲಿನಲ್ಲಿ ಹಿಡಿಸಲಿಲ್ಲ.

ಅದು ಹಳೇ ಕತೆ, ಐಡಿ3ಯ ಎರಡನೇ ಆವೃತ್ತಿ ಬಂದ ಮೇಲೆ 30ರ ಮಿತಿ ಹೋಯಿತಲ್ಲ ಅಂತೀರಿ. ಹೌದು, ಹೋಯಿತು. 2000ದ ಹೊತ್ತಿಗೆ ಯುಟಿಎಫ್-8 ಕೂಡ ಬಂತು. ಆದರೆ ಉಡುಪಿಯಿಂದ ಕಾರ್ಕಳಕ್ಕೆ ಹೋಗುವ ಬಸ್ಸಿನಲ್ಲಿ ಡ್ರೈವರಣ್ಣ ಪೆನ್‌ಡ್ರೈವ್ ಸಿಕ್ಕಿಸಿದಾಗ ಆ ಸ್ಟೀರಿಯೋದ ಪಟ್ಟಿಯಲ್ಲಿ ಎಂತ ಬರ್ತದೆ ಅಂತ ಒಮ್ಮೆ ಬಗ್ಗಿ ನೋಡಿ. ಚೌಕ ಚೌಕ ಚೌಕ. ಅವರು ತಲೆ ಕೆಡಿಸಿಕೊಳ್ಳುವುದಿಲ್ಲ, ಬಟನ್ ಒತ್ತುತ್ತಾ ಹೋಗುತ್ತಾರೆ, ಬೇಕಾದ ಹಾಡು ಬಂದಾಗ ನಿಲ್ಲಿಸುತ್ತಾರೆ. ನಾಲ್ಕು ನಿಮಿಷದ ತುಳು ಸಿನಿಮಾ ಹಾಡಿಗೆ ಅದು ನಡೆಯುತ್ತದೆ.

ಈಗ ರಸ್ಟ್, ಹ್ಯಾಸ್ಕೆಲ್ ಇತ್ಯಾದಿ ಈ ವಿಷಯದಲ್ಲಿ ಏನು ಮಾಡಿದವು ನೋಡುವ. ಅದೇ ಹೆಸರನ್ನು ರಸ್ಟಿಗೆ ಕೊಟ್ಟು ಉದ್ದ ಎಷ್ಟು ಕೇಳಿದರೆ 31 ಅನ್ನುತ್ತದೆ. ಹ್ಯಾಸ್ಕೆಲ್ 11 ಅನ್ನುತ್ತದೆ. ಕೇಳುವ ಮನುಷ್ಯನ ಲೆಕ್ಕ ಎರಡಕ್ಕೂ ಬೇಡ. ಪಟ್ಟಿಯಲ್ಲಿ ಜಾಗ ಸಾಲದೆ ಪ್ರೋಗ್ರಾಮು ಬರೆದವನು 30ನೇ ಬೈಟಿಗೆ ಕತ್ತರಿಸಿದ ಅಂತಿಟ್ಟುಕೊಳ್ಳಿ. ಗೋ ಸದ್ದಿಲ್ಲದೆ ಒಡೆದ ಅಕ್ಷರ ಕೊಡುತ್ತದೆ. ರಸ್ಟ್ ಅಷ್ಟು ಅಪ್ರಾಮಾಣಿಕ ಅಲ್ಲ, ಅಕ್ಷರದ ಮಧ್ಯೆ ಕತ್ತರಿ ಹಾಕಿದ್ದೀಯ ಅಂತ ಬೊಬ್ಬೆ ಹೊಡೆದು ಪ್ರೋಗ್ರಾಮನ್ನೇ ನಿಲ್ಲಿಸುತ್ತದೆ. ಮೆಮೊರಿ ಸುರಕ್ಷತೆಯ ಭಾಷೆಯಲ್ಲಿ ಬರೆದ ಪ್ಲೇಯರು ಕೃಷ್ಣ ಸಂಧಾನದ ಹೆಸರು ಕಂಡು ಬಿದ್ದು ಹೋಗುವುದು, ನೀವೇ ಹೇಳಿ, ನಗಬೇಕಾ ಅಳಬೇಕಾ? ಸರಿಯಾದ ಜಾಗದಲ್ಲಿ ಕತ್ತರಿಸುವ ಲೈಬ್ರರಿ ಎರಡೂ ಭಾಷೆಗಳಿಗೆ ಉಂಟು. ಹಾಕುವವನು ಬೇಕು. ಹಾಕಬೇಕಾದರೆ ಅಂಥ ಹೆಸರು ಇರುತ್ತದೆ ಅಂತ ಅವನಿಗೆ ಗೊತ್ತಿರಬೇಕು.

ಇನ್ನೊಂದು ಸಂಗತಿ. ಇವುಗಳಲ್ಲಿ ಸುಮಾರು ಪ್ಲೇಯರುಗಳು ಟರ್ಮಿನಲ್ ಒಳಗೆ ಓಡುವಂಥವು, ಕಪ್ಪು ಪರದೆ, ಬಣ್ಣದ ಅಕ್ಷರ, ಮೌಸ್ ಮುಟ್ಟುವ ಹಾಗಿಲ್ಲ. ನೋಡಲಿಕ್ಕೆ ಚಂದವೇ. ಆದರೆ ಅಲಾಕ್ರಿಟಿಯಂಥ ಟರ್ಮಿನಲ್ ಕನ್ನಡದ ಒತ್ತಕ್ಷರ ಜೋಡಿಸುವುದೇ ಇಲ್ಲ. ಷ್ಣ ಎನ್ನುವುದು ಷ, ಒಂದು ಕೊಂಬು, ಣ ಅಂತ ಮೂರು ಕಡೆ ಹರಡಿಕೊಳ್ಳುತ್ತದೆ. ಅದರ ಪಕ್ಕದ ಗೆರೆ ವಾಲಿಕೊಂಡು ನಿಲ್ಲುತ್ತದೆ. ಬದಲಿಗೆ ಗ್ನೋಮ್‌ನ ಕಿಟಕಿ ಇರುವ ಪ್ಲೇಯರುಗಳಲ್ಲಿ, ಉದಾಹರಣೆಗೆ ರಸ್ಟ್‌ನ ಆಂಬೆರಾಲ್ ಅಥವಾ ವಾಲಾದ ಗ್ಯಾಪ್‌ಲೆಸ್‌ನಲ್ಲಿ, ಕನ್ನಡ ಮುತ್ತಿನ ಹಾಗೆ ಬರುತ್ತದೆ. ಯಾಕೆ? ರಸ್ಟ್‌ನಿಂದಲ್ಲ, ವಾಲಾದಿಂದಲೂ ಅಲ್ಲ. ಕೆಳಗೆ ಪ್ಯಾಂಗೋ ಮತ್ತು ಹಾರ್ಫ್‌ಬಜ್ ಎಂಬ ಸಿ, ಸಿ ಪ್ಲಸ್ ಪ್ಲಸ್ ಲೈಬ್ರರಿಗಳನ್ನು ಯಾರೋ ವರ್ಷಗಟ್ಟಲೆ ಕೂತು ಸರಿ ಮಾಡಿಟ್ಟದ್ದರಿಂದ.

ಸದ್ದಿನ ಕತೆಯೂ ಹಾಗೆಯೇ. ಹ್ಯಾಸ್ಕೆಲ್ ಲೋಕದಲ್ಲಿ ಹೆಸರಾದ ಎಚ್‌ಎಂಪಿ3 ಎಂಬ ಪುಟ್ಟ ಪ್ಲೇಯರು ಎಂಪಿ3 ಬಿಡಿಸುವ ಕೆಲಸವನ್ನು ಎಂಪಿಜಿ123 ಅಥವಾ ಎಂಪಿಜಿ321ಕ್ಕೆ ಒಪ್ಪಿಸುತ್ತದೆ, ಅವು ಸಿ ಭಾಷೆಯವು. ಆಂಬೆರಾಲ್ ಜಿಸ್ಟ್ರೀಮರಿಗೆ ಒಪ್ಪಿಸುತ್ತದೆ. ಇಮ್ಯಾಕ್ಸ್ ಎಡಿಟರಿನೊಳಗೆ ಹಾಡು ಕೇಳಿಸುವ ಇಎಂಎಂಎಸ್ ಪೂರ್ತಿ ಲಿಸ್ಪ್‌ನಲ್ಲಿದೆ, ಆದರೆ ನುಡಿಸುವುದಕ್ಕೆ ಎಂಪಿವಿಯಂಥ ಹೊರಗಿನವರನ್ನು ಕರೆಯುತ್ತದೆ. ನಿಜವಾಗಿ ಕೈ ಕೆಸರು ಮಾಡಿಕೊಂಡವರೂ ಇದ್ದಾರೆ. ಸಿಂಫೋನಿಯಾ ಎಂಬ ಲೈಬ್ರರಿ ಎಂಪಿ3, ಫ್ಲ್ಯಾಕ್, ವೋರ್ಬಿಸ್ ಎಲ್ಲವನ್ನೂ ರಸ್ಟ್‌ನಲ್ಲೇ ಬಿಡಿಸುತ್ತದೆ. ಎಲ್ಲಿಂದಲೋ ಬಂದ ಕಡತ ತೆರೆಯುವ ಕೋಡು ಸುರಕ್ಷಿತ ಭಾಷೆಯಲ್ಲಿದ್ದರೆ ಅದು ದೊಡ್ಡ ಲಾಭ. ಅದಕ್ಕೆ ನನ್ನ ನಮಸ್ಕಾರ ಉಂಟು. ಉಳಿದವರದ್ದು ಸಿ ಭಾಷೆಯ ಮೈಗೆ ಹೊಸ ಅಂಗಿ.

ಅಂಗಿಯ ಫ್ಯಾಷನ್ ಎಷ್ಟು ದಿನ ಅನ್ನುವುದಕ್ಕೂ ಒಂದು ನೆನಪು ಬೇಕಲ್ಲ. ಬ್ಯಾನ್‌ಶೀ ಎಂಬ ಪ್ಲೇಯರು ಸಿ ಶಾರ್ಪ್‌ನಲ್ಲಿತ್ತು. 2011ರಲ್ಲಿ ಉಬುಂಟು 11.04 ಅದನ್ನೇ ಮುಖ್ಯ ಪ್ಲೇಯರ್ ಮಾಡಿತು. ಮರುವರ್ಷ 12.04ರಲ್ಲಿ ತೆಗೆದು ಹಳೆಯ ರಿದಮ್‌ಬಾಕ್ಸನ್ನೇ ತಂದು ಕೂರಿಸಿದರು. ಆಮೇಲೆ ಬ್ಯಾನ್‌ಶೀ ನಿಧಾನಕ್ಕೆ ನಿಂತು ಹೋಯಿತು. ಸಿ ಭಾಷೆಯ ರಿದಮ್‌ಬಾಕ್ಸ್, ಹೊಲದ ಬದಿಯ ಪಂಪ್‌ಸೆಟ್ಟಿನ ಹಾಗೆ, ಈಗಲೂ ಉಂಟು.

ನನಗೆ ನಿಜಕ್ಕೂ ಸಿಟ್ಟು ಬರುವ ಜಾಗ ಇನ್ನೊಂದು. ಹ್ಯಾಸ್ಕೆಲ್, ಓಕ್ಯಾಮೆಲ್, ರಸ್ಟ್ ಇವುಗಳನ್ನು ಹೊಗಳುವಾಗ ನಾವು ಹೇಳುವ ಮೊದಲ ಮಾತು ಯಾವುದು? ಟೈಪ್ ಸಿಸ್ಟಂ. ಲೋಕದಲ್ಲಿ ವಸ್ತು ಹೇಗಿದೆಯೋ ಹಾಗೇ ಕೋಡಿನಲ್ಲಿ ಬರೆಯಬಹುದು, ಇದು ಒಂದೋ ಅದು ಒಂದೋ ಅಂತ ಖಚಿತವಾಗಿ ಹೇಳಬಹುದು, ತಪ್ಪು ಬರೆದರೆ ಕಂಪೈಲರ್ ಬಿಡುವುದಿಲ್ಲ. ಒಪ್ಪಿದೆ. ಹಾಗಾದರೆ ಒಂದು ರೆಕಾರ್ಡಿಂಗ್ ಅಂದರೆ ಒಂದೋ ಹಾಡು, ಒಂದೋ ರಾತ್ರಿಯಿಡೀ ನಡೆದ ಆಟ, ಒಂದೋ ತಾಳಮದ್ದಳೆ, ಒಂದೋ ನೇಜಿ ನೆಡುವಾಗ ಹೇಳಿದ ಪಾಡ್ದನ ಅಂತ ನಾಲ್ಕು ಸಾಲಿನಲ್ಲಿ ಬರೆಯಬಹುದಿತ್ತಲ್ಲ? ಆಟವಾದರೆ ಭಾಗವತರು ಒಬ್ಬರಲ್ಲ, ರಾತ್ರಿ ಕಳೆಯುವುದರೊಳಗೆ ಬದಲಾಗುತ್ತಾರೆ. ಮದ್ದಳೆ, ಚೆಂಡೆಯವರಿದ್ದಾರೆ. ತಾಳಮದ್ದಳೆಯಾದರೆ ಪಾತ್ರಕ್ಕೊಬ್ಬ ಅರ್ಥಧಾರಿ, ಕೃಷ್ಣ ಯಾರು, ಕೌರವ ಯಾರು, ವಿದುರ ಯಾರು ಎನ್ನುವುದೇ ಮುಖ್ಯ ವಿವರ. ಇಷ್ಟನ್ನು ಚಂದಕ್ಕೆ ಹಿಡಿದಿಡಲೆಂದೇ ಆ ಭಾಷೆಗಳು ಇರುವುದು. ಅಂಥ ಆಯುಧ ಕೈಗೆ ಕೊಟ್ಟರೆ ನಾವು ಅದರಲ್ಲಿ ಏನು ಬರೆದೆವು? ಸಾಂಗ್: ಆರ್ಟಿಸ್ಟ್, ಆಲ್ಬಮ್, ಟೈಟಲ್. 1996ರ ಆ 128 ಬೈಟಿನ ನಕಲು.

ಮಣಿಪಾಲದ ಟೈಗರ್ ಸರ್ಕಲ್ ಹತ್ತಿರ ಚಾ ಕುಡಿಯುವಾಗ ಒಬ್ಬ ಹುಡುಗನಿಗೆ ಇದನ್ನೇ ಹೇಳಿದೆ. ಮೂರನೇ ವರ್ಷದ ಕಂಪ್ಯೂಟರ್ ಸೈನ್ಸು, ಎಂಪಿಡಿಗೆ ಒಂದು ಕ್ಲಯಂಟ್ ಬರೆದಿದ್ದ, ಹ್ಯಾಸ್ಕೆಲ್‌ನಲ್ಲಿ. ಜಾಣ ಹುಡುಗ. "ಅಣ್ಣಾ, ನೀವು ಹೇಳುದು ಸರಿಯೇ. ಆದ್ರೆ ಎಂಪಿಡಿಯೇ ಆ ಟ್ಯಾಗ್ ಕೊಡುದಿಲ್ಲಲ್ಲ?" ಅಂದ.

ಅವನು ಹೇಳಿದ್ದು ನೂರಕ್ಕೆ ನೂರು ನಿಜ, ಮತ್ತು ಅದೇ ನನ್ನ ವಾದಕ್ಕೆ ಪುರಾವೆ. ಎಂಪಿಡಿ ಎಂಬುದು ಹಿಂದೆ ಕೂತು ಹಾಡು ನುಡಿಸುವ ಸರ್ವರು. ಅದರೊಡನೆ ಸಾದಾ ಅಕ್ಷರಗಳಲ್ಲಿ ಮಾತಾಡಬಹುದು, 6600ನೇ ಪೋರ್ಟಿಗೆ ಒಂದು ಸಾಲು ಬರೆದರೆ ಉತ್ತರ ಬರುತ್ತದೆ. ಅದಕ್ಕೇ ಹೊಸ ಭಾಷೆ ಕಲಿತವರೆಲ್ಲ ಮೊದಲು ಅದಕ್ಕೊಂದು ಕ್ಲಯಂಟ್ ಬರೆಯುವುದು. ಆದರೆ ಅದು ಗುರುತಿಸುವ ಟ್ಯಾಗುಗಳ ಪಟ್ಟಿ ಗಟ್ಟಿ, ಹೊರಗಿನವರು ಸೇರಿಸುವ ಹಾಗಿಲ್ಲ. ಆ ಪಟ್ಟಿಯಲ್ಲಿ ಕಂಡಕ್ಟರ್ ಉಂಟು (ನಮ್ಮ ಬಸ್ಸಿನವರಲ್ಲ, ವಾದ್ಯವೃಂದದ ಮುಂದೆ ಕೋಲು ಹಿಡಿದು ನಿಲ್ಲುವವರು), ಎನ್ಸೆಂಬಲ್ ಉಂಟು, ವರ್ಕ್ ಉಂಟು, ಮೂವ್‌ಮೆಂಟ್ ಉಂಟು, ಅದರ ಸಂಖ್ಯೆಗೂ ಒಂದು ಖಾನೆ ಉಂಟು. ಬೀಥೋವನ್ ಕೇಳುವವರಿಗೂ ಮೂರು ಖಾನೆಯ ಕಪಾಟು ಸಾಲದೇ ಹೋಗಿತ್ತು. ಅವರಿಗೆ ಬೇಕಾದ್ದು ಪಟ್ಟಿಗೆ ಸೇರಿತು. ಅರ್ಥಧಾರಿ ಅಂತ ಒಂದು ಬೇಕು ಅಂತ ನಮ್ಮಲ್ಲಿ ಎಷ್ಟು ಜನ ಕೇಳಲು ಕೂತಿದ್ದೇವೆ? ಮುಂಬಾಗಿಲಿಗೆ ಹತ್ತು ಭಾಷೆಯಲ್ಲಿ ಹತ್ತು ತೋರಣ ಕಟ್ಟಿದ್ದೇವೆ, ಒಳಗಿನ ಕೋಣೆಗೆ ಹೋದವರಿಲ್ಲ. ಆ ಸರ್ವರ್ ಸಿ ಪ್ಲಸ್ ಪ್ಲಸ್‌ನಲ್ಲಿದೆ, ಹಳೇ ಭಾಷೆ, ಅಲ್ಲಿ ತಿದ್ದಿದರೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ.

ಕಾಪುವಿನಲ್ಲಿ ನಮ್ಮ ದೊಡ್ಡಮ್ಮನ ಮನೆಯ ಅಟ್ಟದಲ್ಲಿ ಎರಡು ಬಿಸ್ಕತ್ತು ಡಬ್ಬಿ ತುಂಬ ಕ್ಯಾಸೆಟ್ಟುಗಳಿವೆ. ಕರಾವಳಿಯ ಎಷ್ಟೋ ಮನೆಗಳಲ್ಲಿ ಇರುವಂಥವೇ. ಕೆಲವು ಅಂಗಡಿಯಿಂದ ತಂದವು, ಹೆಚ್ಚಿನವು ಕೂಟದ ಎದುರು ಟೇಪ್ ರೆಕಾರ್ಡರ್ ಇಟ್ಟು ಹಿಡಿದವು. ಮೇಲೆ ಬಾಲ್‌ಪೆನ್ನಿನಲ್ಲಿ ಬರೆದದ್ದು: 'ಸಂಧಾನ – ಶೇಣಿ, ಸಾಮಗ – ಎ ಸೈಡ್'. ಅಷ್ಟೇ. ಶೇಣಿ ಅಂದರೆ ಶೇಣಿ ಗೋಪಾಲಕೃಷ್ಣ ಭಟ್ಟರು, ಅದರಲ್ಲಿ ಅನುಮಾನ ಇಲ್ಲ. ಸಾಮಗ ಅಂದರೆ ಯಾರು? ಮಲ್ಪೆಯ ಶಂಕರನಾರಾಯಣ ಸಾಮಗರು ದೊಡ್ಡ ಸಾಮಗರು, ಅವರ ತಮ್ಮ ರಾಮದಾಸ ಸಾಮಗರು ಸಣ್ಣ ಸಾಮಗರು, ಮುಂದಿನ ತಲೆಮಾರಿನಲ್ಲೂ ಅರ್ಥಧಾರಿಗಳಾದ ಸಾಮಗರಿದ್ದಾರೆ. ಭಾಗವತರ ಹೆಸರು ಬರೆದೇ ಇಲ್ಲ. ಯಾಕೆಂದರೆ ಬರೆಯುವ ಅಗತ್ಯ ಇರಲಿಲ್ಲ, ಮನೆಯವರಿಗೆಲ್ಲ ಸ್ವರ ಕೇಳಿದರೆ ಗೊತ್ತಾಗುತ್ತಿತ್ತು. ಮದ್ದಳೆಯ ಪೆಟ್ಟು ಕೇಳಿಯೇ ಇಂಥವರು ಅಂತ ಹೇಳುವವರು ಇದ್ದರು.

ಇದ್ದರು. ಈಗ ಅವರಲ್ಲಿ ಉಳಿದವರಿಗೆ ಎಂಬತ್ತರ ಹತ್ತಿರ. 1990ರಲ್ಲಿ ತೀರಿಕೊಂಡ ಕಾಳಿಂಗ ನಾವಡರ ಸ್ವರ ಬಡಗಿನ ಅಭಿಮಾನಿಗಳು ಇನ್ನು ಐವತ್ತು ವರ್ಷ ಗುರುತು ಹಿಡಿದಾರು, ಅಷ್ಟು ಹೆಸರಾದದ್ದು. ಆದರೆ ಆವತ್ತು ಅವರ ಪಕ್ಕ ಕೂತು ಚೆಂಡೆ ಬಾರಿಸಿದವರು ಯಾರು, ಎಷ್ಟೋ ಕ್ಯಾಸೆಟ್ಟಿನ ಮೇಲೆ ಇಲ್ಲ. ಬಿಸ್ಕತ್ತು ಡಬ್ಬಿಯ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಹಾಕುವುದು ದೊಡ್ಡ ಕೆಲಸ ಅಲ್ಲ, ಒಂದು ಹಳೇ ಡೆಕ್ಕು, ಒಂದು ವಯರು, ಆಡಾಸಿಟಿ ಸಾಕು. ಹಾಕಿದ ಮೇಲೆ ಅದನ್ನು ಕೇಳಿಸಿ, ಅಜ್ಜ, ಇದು ಯಾರ ಸ್ವರ, ಯಾವ ಕೂಟ, ಯಾವ ವರ್ಷ ಅಂತ ಕೇಳಿ, ಆ ಉತ್ತರವನ್ನು ಕಡತದ ಒಳಗೇ ಬರೆದಿಡುವುದು ಕೆಲಸ. ಅದಕ್ಕೆ ಖಾನೆ ಬೇಕು. ಖಾನೆ ಇಲ್ಲದಿದ್ದರೆ ಉತ್ತರ ವಾಟ್ಸಾಪಿನಲ್ಲಿ ಉಳಿದು ಅಲ್ಲೇ ಸಾಯುತ್ತದೆ.

ವಿವರ ಇದ್ದರೆ ಎಂತ ಆಗುತ್ತದೆ ಎಂಬುದಕ್ಕೆ ಉದಾಹರಣೆ ನಮ್ಮ ಪಕ್ಕದಲ್ಲೇ ಉಂಟು. ಗೋಪಾಲ ನಾಯ್ಕರು ಹೇಳಿದ ಸಿರಿ ಪಾಡ್ದನವನ್ನು ಫಿನ್ಲೆಂಡಿನ ಲೌರಿ ಹೊಂಕೊ, ನಮ್ಮವರೇ ಆದ ವಿವೇಕ ರೈ ಮತ್ತು ಚಿನ್ನಪ್ಪ ಗೌಡರ ಜತೆ ಸೇರಿ 1990ರಲ್ಲಿ ಧ್ವನಿಮುದ್ರಿಸಿದರು. 1998ರಲ್ಲಿ ಅದು ಪುಸ್ತಕವಾಗಿ ಬಂದಾಗ 15,683 ಸಾಲು ಇತ್ತು. ಹೇಳಿದವರು ಯಾರು, ಎಲ್ಲಿ, ಯಾವ ಸಂದರ್ಭದಲ್ಲಿ ಎಂಬುದನ್ನೆಲ್ಲ ಅವರು ಸದ್ದಿನಷ್ಟೇ ಜೋಪಾನವಾಗಿ ಇಟ್ಟರು. ಅದಕ್ಕೇ ಅದು ಇವತ್ತು ಜಗತ್ತು ಓದುವ ಮಹಾಕಾವ್ಯ. ಹಿರಿಯಡ್ಕದಲ್ಲೋ ಕಾರ್ಕಳ ಕಡೆಯ ನಂದಳಿಕೆಯಲ್ಲೋ ಸಿರಿ ಜಾತ್ರೆಯ ದಿನ ಯಾರೋ ಮೊಬೈಲಿನಲ್ಲಿ ಹಿಡಿದ ಸದ್ದೂ ಅದೇ ಸಂಪ್ರದಾಯದ್ದು. ಅದರ ಹೆಸರು 'ಆಡಿಯೋ 0047'. ಎಂಜಿಎಂ ಕಾಲೇಜಿನ ಜಾನಪದ ರಂಗಕಲೆಗಳ ಕೇಂದ್ರ ದಶಕಗಳಿಂದ ಇಂಥ ಸದ್ದು, ಚಿತ್ರ ಕೂಡಿಸಿಟ್ಟಿದೆ. ಮನೆಮನೆಯ ಅಟ್ಟಕ್ಕೆ ಹೋಗಲು ಯಾವ ಸಂಸ್ಥೆಗೂ ಸಾಧ್ಯ ಇಲ್ಲ. ಹೋಗಬೇಕಾದವರು ನಾವು, ಅಷ್ಟಮಿಗೆ, ದೀಪಾವಳಿಗೆ ಊರಿಗೆ ಬರುವವರು.

ಯೂಟ್ಯೂಬ್ ಉಂಟಲ್ಲ ಅನ್ನಬೇಡಿ. ಹಾಕಿದವರು ಚಾನೆಲ್ ಮುಚ್ಚಿದರೆ ಅದು ಹೋಯಿತು, ಮತ್ತೆ ಅಲ್ಲಿಯೂ ಇರುವುದು ಒಂದು ಶೀರ್ಷಿಕೆ, ಕೆಳಗೆ ನಾಲ್ಕು ಸಾಲು. ಸ್ಟ್ರೀಮಿಂಗ್ ಆ್ಯಪ್‌ಗಳ ಮಾತು ಬಿಡಿ, ಅಲ್ಲಿ ಮೂರು ಖಾನೆಯ ಕಪಾಟಿಗೇ ಬಾಡಿಗೆ.

ಗಾತ್ರದ ಮಾತನ್ನೂ ಹೇಳಿಬಿಡುತ್ತೇನೆ. ಡಬ್ಲ್ಯುಎವಿ ಕಡತದ ಒಳಗೆ ಉದ್ದ ಬರೆದಿಡುವ ಜಾಗ 32 ಬಿಟ್, ಅಂದರೆ ಕಡತ 4 ಜಿಬಿ ದಾಟುವ ಹಾಗಿಲ್ಲ. ಸಿಡಿ ಗುಣಮಟ್ಟದಲ್ಲಿ ಸೆಕೆಂಡಿಗೆ 1,76,400 ಬೈಟು. ಭಾಗಿಸಿ ನೋಡಿದರೆ 6 ಗಂಟೆ 45 ನಿಮಿಷ. ರಾತ್ರಿ ಹತ್ತಕ್ಕೆ ಶುರುವಾದ ಆಟವನ್ನು ಒಂದೇ ಕಡತದಲ್ಲಿ ಹಿಡಿಯಹೊರಟರೆ ಬೆಳಗ್ಗಿನ ಜಾವ ನಾಲ್ಕೂ ಮುಕ್ಕಾಲಿಗೆ, ಯುದ್ಧ ಬಿರುಸಾಗುವ ಹೊತ್ತಿಗೆ, ಜಾಗ ಮುಗಿಯುತ್ತದೆ. ಈಗ ಬಹಳ ಮೇಳಗಳು ಕಾಲಮಿತಿಗೆ ಬಂದಿವೆ, ಆ ಸಮಸ್ಯೆ ಯಕ್ಷಗಾನವೇ ಬಗೆಹರಿಸಿಕೊಂಡಿತು ಅನ್ನಿ! ಆದರೆ ಮೂರು ಗಂಟೆಯ ಕಡತದಲ್ಲೂ ನಿನ್ನೆ ಎಲ್ಲಿ ನಿಲ್ಲಿಸಿದೆ ಎಂದು ನೆನಪಿಡುವ ಪ್ಲೇಯರುಗಳು ಕಡಿಮೆ. ಅದನ್ನು ಪಾಡ್‌ಕಾಸ್ಟ್ ಆ್ಯಪ್‌ಗಳ ಕೆಲಸ ಅಂದುಕೊಂಡಿದ್ದಾರೆ. ಷಫಲ್ ಮಾತ್ರ ಎಲ್ಲದರಲ್ಲೂ ಇರುತ್ತದೆ. ತಾಳಮದ್ದಳೆಯ ಕ್ಯಾಸೆಟ್ಟುಗಳನ್ನು ಷಫಲ್‌ಗೆ ಹಾಕಿ ನೋಡಿ, ಕೌರವ ಮಾತಾಡುವ ಮೊದಲೇ ಕೃಷ್ಣ ಉತ್ತರ ಕೊಟ್ಟು ಎದ್ದು ಹೋಗಿರುತ್ತಾನೆ.

ಹಾಗಂತ ದಾರಿ ಇಲ್ಲವೆಂದಲ್ಲ. ಆಗ್, ಫ್ಲ್ಯಾಕ್ ಕಡತಗಳಲ್ಲಿ ಬಳಸುವ ವೋರ್ಬಿಸ್ ಕಾಮೆಂಟ್ ಎಂಬ ಲೇಬಲ್ಲಿನಲ್ಲಿ ನಿಮಗೆ ಬೇಕಾದ ಹೆಸರಿನ ಖಾನೆ ನೀವೇ ಮಾಡಿಕೊಳ್ಳಬಹುದು, ಒಂದೇ ಖಾನೆ ಎಷ್ಟು ಸಲ ಬೇಕಾದರೂ ಬರಬಹುದು. ಖಾನೆಯ ಹೆಸರು ಮಾತ್ರ ಇಂಗ್ಲಿಷ್ ಲಿಪಿಯಲ್ಲಿರಬೇಕು, ಒಳಗಿನ ವಿವರ ಕನ್ನಡದಲ್ಲಿರಬಹುದು. ಭಾಗವತ ಅಂತ ಎರಡು ಸಲ, ಅರ್ಥಧಾರಿ ಅಂತ ಐದು ಸಲ ಬರೆದು ಪಾತ್ರದ ಹೆಸರನ್ನೂ ಜತೆಗೆ ಹಾಕಿದರೆ ಯಾವ ನಿಯಮವೂ ಮುರಿಯುವುದಿಲ್ಲ. ಅದನ್ನು ಓದಿ, ಹುಡುಕಿ, ಪಟ್ಟಿಯ ಕಾಲಂ ಮಾಡಿ ತೋರಿಸುವ ಪ್ಲೇಯರ್ ಕೂಡ ಉಂಟು. ಅದರ ಹೆಸರು ಕ್ವಾಡ್ ಲಿಬೆಟ್. ಪೈಥಾನ್‌ನಲ್ಲಿದೆ, ಹಳೆಯದು, ಸ್ಕ್ರೀನ್‌ಶಾಟ್ ಹಾಕಿದರೆ ಯಾರೂ ತಿರುಗಿ ನೋಡುವುದಿಲ್ಲ. ಅದನ್ನು ಮಾಡಿದವರು ಟ್ಯಾಗ್ ಓದಲೆಂದು ಮ್ಯೂಟಜೆನ್ ಎಂಬ ಲೈಬ್ರರಿ ಬರೆದರು. ಇವತ್ತು ಪಿಕಾರ್ಡ್, ಬೀಟ್ಸ್ ಮುಂತಾದ ಎಷ್ಟೋ ತಂತ್ರಾಂಶಗಳು ಅದರ ಮೇಲೆಯೇ ನಿಂತಿವೆ. ಅವರು ಕಪಾಟಿನ ಬಗ್ಗೆ ಯೋಚಿಸಿದವರು.

ನಮ್ಮಲ್ಲೂ ಒಬ್ಬರು ಹಾಗೆ ಯೋಚಿಸಿದ್ದರು. ನೀವು ನುಡಿಯಲ್ಲಿ ಎಫ್ ಒತ್ತಿ ಒತ್ತಕ್ಷರ ಬರಿಸುತ್ತೀರಲ್ಲ, ಆ ಕೀಲಿಮಣೆಯ ಹಿಂದಿನ ತರ್ಕ ಕೆ.ಪಿ. ರಾವ್ ಅವರದ್ದು. ಉಡುಪಿ, ಮಣಿಪಾಲದವರಿಗೆ ಅವರು ದೂರದವರಲ್ಲ. ಟೈಪ್‌ರೈಟರಿನ ಕಾಲದ ಕನ್ನಡ ಅಂದರೆ ಅರ್ಧಕ್ಷರ, ಕಾಲಕ್ಷರಗಳ ಚೂರುಗಳು. ಅವರು ಅದನ್ನು ಕಂಪ್ಯೂಟರಿಗೆ ಹಾಗೇ ಸಾಗಿಸಲಿಲ್ಲ. ಕನ್ನಡದ ಅಕ್ಷರ ಬಾಯಲ್ಲಿ ಹೇಗೆ ಹುಟ್ಟುತ್ತದೆ, ವ್ಯಂಜನಕ್ಕೆ ಸ್ವರ ಹೇಗೆ ಸೇರುತ್ತದೆ ಎಂದು ನೋಡಿ, ಇಂಗ್ಲಿಷಿನ ಅದೇ 26 ಕೀಲಿಗಳಲ್ಲಿ ಇಡೀ ಕನ್ನಡವನ್ನು ಕೂರಿಸಿದರು. ಸೇಡಿಯಾಪು ಕೃಷ್ಣ ಭಟ್ಟರ ಹೆಸರಿಟ್ಟು ತಂತ್ರಾಂಶ ಮಾಡಿ ಪುಕ್ಕಟೆ ಹಂಚಿದರು. ಅದನ್ನು ಯಾವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದಿದ್ದರು ಅಂತ ಯಾರಾದರೂ ಕೇಳಿದ್ದು ಉಂಟಾ?

"ಹವ್ಯಾಸಕ್ಕೆ ಬರೆಯುವವನ ಮೇಲೆ ಊರಿನ ಭಾರ ಹೊರಿಸ್ತೀಯಲ್ಲ ಮಾರಾಯ" ಅಂತ ಒಬ್ಬ ಗೆಳೆಯ ಹೇಳಿದ. ಬೆಂಗಳೂರಿನ ಬೆಳ್ಳಂದೂರಿನಲ್ಲಿ ಇರುವವನು, ಶನಿವಾರ ಭಾನುವಾರ ಓಕ್ಯಾಮೆಲ್ ಕಲಿಯುತ್ತಾನೆ. ಕಲಿಯಲಿ. ಕಲಿಯಲಿಕ್ಕೆ ಬರೆದದ್ದನ್ನು ಯಾರೂ ಪ್ರಶ್ನಿಸುವುದಿಲ್ಲ, ನಾಲ್ಕಾಣೆ ಪುಸ್ತಕದಲ್ಲಿ ಕಾಪಿ ಬರೆದ ಹಾಗೆ ಅದು. ಆದರೆ ಕಾಪಿ ಪುಸ್ತಕವನ್ನು ಇಂಟರ್‌ವ್ಯೂನಲ್ಲಿ ಕೃತಿ ಅಂತ ತೋರಿಸುವಾಗ, ಓಪನ್ ಸೋರ್ಸ್ ಸೇವೆ ಅಂತ ಹೇಳಿಕೊಳ್ಳುವಾಗ, ಯಾರ ಸೇವೆ ಅಂತ ಕೇಳುವ ಹಕ್ಕು ಕೇಳುಗನಿಗೆ ಉಂಟು. ಮತ್ತೆ, ಹವ್ಯಾಸವೇ ಆದರೆ ಇನ್ನೂ ಒಳ್ಳೆಯದಲ್ಲವಾ? ಮ್ಯಾನೇಜರ್ ಇಲ್ಲ, ಡೆಡ್‌ಲೈನ್ ಇಲ್ಲ, ಮಾರುಕಟ್ಟೆ ಎಷ್ಟು ದೊಡ್ಡದು ಅಂತ ಕೇಳುವವರಿಲ್ಲ. ದೊಡ್ಡಮ್ಮನ ಅಟ್ಟದ ಕ್ಯಾಸೆಟ್ಟಿಗೆ ತಕ್ಕ ಪ್ಲೇಯರ್ ಮಾಡಲು ಯಾವ ಕಂಪನಿಯೂ ದುಡ್ಡು ಕೊಡುವುದಿಲ್ಲ, ಹವ್ಯಾಸಿಯೇ ಮಾಡಬೇಕು.

ಓಕ್ಯಾಮೆಲ್‌ನಲ್ಲೇ ಮಾಡು ಅಂದೆ ಅವನಿಗೆ. ಆದರೆ ಹುಡುಕುವ ಜಾಗದಿಂದ ಶುರು ಮಾಡು. ಶೇಣಿ ಎಂಬ ಹೆಸರಿನ 'ಶೇ' ಯುನಿಕೋಡ್‌ನಲ್ಲಿ ಎರಡು ಥರ ಬರುತ್ತದೆ, ಏತ್ವ ಒಂದೇ ಸಂಕೇತವಾಗಿ, ಇಲ್ಲವೇ ಎತ್ವ ಮತ್ತು ದೀರ್ಘ ಎರಡು ಸಂಕೇತವಾಗಿ. ಕಣ್ಣಿಗೆ ಎರಡೂ ಒಂದೇ. ಹಳೆಯ ಮ್ಯಾಕ್‌ನಿಂದ ಬಂದ ಕಡತದ ಹೆಸರಿನಲ್ಲಿ ಎರಡನೆಯ ಥರ ಇರುತ್ತದೆ. ಅದನ್ನು ಒಂದೇ ರೂಪಕ್ಕೆ ತರದ ಪ್ಲೇಯರಿನಲ್ಲಿ ಹುಡುಕಿದರೆ ಶೇಣಿಯವರು ಸಿಗುವುದಿಲ್ಲ, ಎದುರೇ ಕೂತಿದ್ದರೂ. ಅದಾದ ಮೇಲೆ ದೊಡ್ಡ ಸಾಮಗರನ್ನೂ ಸಣ್ಣ ಸಾಮಗರನ್ನೂ ಬೇರೆ ಮಾಡು. ಕೊನೆಗೆ ಬೇಕಾದರೆ ಬಟನ್ನಿಗೆ ಬಣ್ಣ ಹಾಕು.

ಅವನು ಕೇಳಿದ, "ಟೆಸ್ಟ್ ಮಾಡ್ಲಿಕ್ಕೆ ಕಡತ ಕೊಡ್ತೀಯಾ?" ಕೊಟ್ಟಿದ್ದೇನೆ. ಸಂಧಾನದ ಎ ಸೈಡು, 45 ನಿಮಿಷ, ಮಾತಿನ ಅರ್ಧಕ್ಕೆ ಕ್ಯಾಸೆಟ್ಟು ಮುಗಿಯುತ್ತದೆ. ಬಿ ಸೈಡ್ ದೊಡ್ಡಮ್ಮನ ಡೆಕ್ಕಿನಲ್ಲಿ ಸಿಕ್ಕಿಕೊಂಡಿದೆ, ಮುಂದಿನ ವಾರ ಊರಿಗೆ ಹೋದಾಗ ಬಿಡಿಸಬೇಕು. ಭಾಗವತರು ಯಾರೆಂದು ದೊಡ್ಡಮ್ಮನಿಗೆ ಸರಿಯಾಗಿ ನೆನಪಿಲ್ಲ. ಪಕ್ಕದ ಮನೆಯ ಅಜ್ಜರಿಗೆ ಗೊತ್ತಿರಬಹುದು, ಅವರಿಗೆ ಕಿವಿ ಇನ್ನೂ ಚುರುಕುಂಟು ಅಂದರು.